ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟು ಯಾಕೆ? ಹಂತ ಹಂತವಾಗಿ ತಿಳಿಯೋಣ

ಒಂದು ಪ್ರಶ್ನೆಯಿಂದಲೇ ಶುರು ಮಾಡೋಣ. ಹೆದ್ದಾರಿಯಲ್ಲಿ ಎರಡು ಕಾರು ಅಕ್ಕಪಕ್ಕ ಹೋಗುತ್ತಿವೆ. ಎರಡೂ ಒಂದೇ ಮಾದರಿ, ಒಂದೇ ತೂಕ, ಒಂದೇ ತರದ ಟೈರು. ಒಂದರ ವೇಗ ಗಂಟೆಗೆ 72 ಕಿ.ಮೀ., ಇನ್ನೊಂದರದು 90. ಮುಂದೆ ಒಂದು ಮರ ಅಡ್ಡ ಬಿದ್ದಿದೆ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಸಮ ಬ್ರೇಕ್ ಒತ್ತಿದರು. 72ರ ಕಾರು ಇನ್ನೇನು ಮರಕ್ಕೆ ತಾಗಬೇಕು ಅನ್ನುವಷ್ಟರಲ್ಲಿ ನಿಂತಿತು. ಅದೇ ಮರದ ಹತ್ತಿರ ಬಂದಾಗ 90ರ ಕಾರಿನ ವೇಗ ಎಷ್ಟಿರುತ್ತದೆ?

ಹೆಚ್ಚಿನವರು 18 ಅನ್ನುತ್ತಾರೆ. 90ರಲ್ಲಿ 72 ಕಳೆದರೆ 18 ಅಲ್ವಾ? ಆದರೆ ಸರಿಯುತ್ತರ 54. ಆ ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿ ಮರಕ್ಕೆ ಗುದ್ದುತ್ತದೆ.

ಈ 54 ಎಲ್ಲಿಂದ ಬಂತು ಅಂತ ಕಾಗದ, ಪೆನ್ನು ಹಿಡಿದು ನೀವೇ ತೋರಿಸಬಲ್ಲಿರಾದರೆ ಚಲನ ಶಕ್ತಿ ನಿಮಗೆ ಅರ್ಥವಾಗಿದೆ ಅಂತಲೇ ಲೆಕ್ಕ. ಅಲ್ಲಿಗೆ ಮುಟ್ಟಲು ಬೇಕಾದ್ದು ಗುಣಾಕಾರ, ಭಾಗಾಕಾರ, ಸ್ವಲ್ಪ ತಾಳ್ಮೆ. 9ನೇ ತರಗತಿಯ ಮಕ್ಕಳಿಗೆ ‘ಕೆಲಸ ಮತ್ತು ಶಕ್ತಿ’ ಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಹಂತ 1: ಶಕ್ತಿಯನ್ನು ಯಾವುದರಿಂದ ಅಳೆಯುತ್ತೇವೆ?

ಚಲಿಸುವ ವಸ್ತುವಿನಲ್ಲಿ ಶಕ್ತಿ ಇದೆ ಅಂತ ಹೇಗೆ ಗೊತ್ತು? ಅದನ್ನು ನಿಲ್ಲಿಸಲು ಹೋಗಿ, ಗೊತ್ತಾಗುತ್ತದೆ. ಅದು ನಿಲ್ಲುವ ಮೊದಲು ಎದುರಿಗಿದ್ದದ್ದನ್ನು ತಳ್ಳುತ್ತದೆ, ಜಜ್ಜುತ್ತದೆ, ಬಿಸಿ ಮಾಡುತ್ತದೆ. ಅಂದರೆ ಕೆಲಸ ಮಾಡುತ್ತದೆ. ನಿಲ್ಲುವುದರೊಳಗೆ ಒಟ್ಟು ಎಷ್ಟು ಕೆಲಸ ಮಾಡಬಲ್ಲದೋ ಅಷ್ಟು ಚಲನ ಶಕ್ತಿ ಅದರಲ್ಲಿದೆ.

ಕೆಲಸದ ಅಳತೆ ಸುಲಭ. ಬಲವನ್ನು ದೂರದಿಂದ ಗುಣಿಸಿದರೆ ಆಯಿತು. ಬಲ ನ್ಯೂಟನ್‌ನಲ್ಲಿ, ದೂರ ಮೀಟರ್‌ನಲ್ಲಿ ಇದ್ದರೆ ಕೆಲಸ ಜೂಲ್‌ನಲ್ಲಿ ಬರುತ್ತದೆ. ಒಂದು ಜೂಲ್ ಎಷ್ಟು ಅನ್ನುವುದು ಕೈಗೆ ತಿಳಿಯಬೇಕೆಂದರೆ ನೂರು ಗ್ರಾಂ ತೂಕದ ಬಿಸ್ಕೆಟ್ ಪ್ಯಾಕನ್ನು ನೆಲದಿಂದ ಒಂದು ಮೀಟರ್ ಮೇಲೆತ್ತಿ. ಹತ್ತಿರ ಹತ್ತಿರ ಒಂದು ಜೂಲ್ ಕೆಲಸ ಮಾಡಿದಿರಿ.

ಹಂತ 2: ವೇಗವನ್ನು ಸೆಕೆಂಡಿಗೆ ಮೀಟರ್ ಮಾಡಿಕೊಳ್ಳಿ

ಚಿಕ್ಕ ಹಂತ, ಆದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಜಾಸ್ತಿ ಇಲ್ಲೇ. ಗಂಟೆಗೆ ಕಿ.ಮೀ. ಅಂತ ಇರುವ ವೇಗವನ್ನು 3.6ರಿಂದ ಭಾಗಿಸಿ. ಅದು ಸೆಕೆಂಡಿಗೆ ಮೀಟರ್ ಆಗುತ್ತದೆ. 36 ಅಂದರೆ 10, 54 ಅಂದರೆ 15, 72 ಅಂದರೆ 20, 90 ಅಂದರೆ 25, 108 ಅಂದರೆ 30. ಈ ಐದು ಜೋಡಿ ನೆನಪಿದ್ದರೆ ಮುಂದಿನ ಲೆಕ್ಕವೆಲ್ಲ ಬಾಯಲ್ಲೇ ಆಗುತ್ತದೆ.

ತೂಕ ಕಿಲೋಗ್ರಾಂನಲ್ಲಿರಲಿ. ಪಠ್ಯಪುಸ್ತಕ ಇದನ್ನು ದ್ರವ್ಯರಾಶಿ ಅನ್ನುತ್ತದೆ, ಚಿಕ್ಕದಾಗಿ ರಾಶಿ. ಲೆಕ್ಕದಲ್ಲಿ ನಾನೂ ರಾಶಿ ಅಂತಲೇ ಬರೆಯುತ್ತೇನೆ. ಪುಸ್ತಕದಲ್ಲಿ ‘ಜವ’ ಅಂತ ಇರುವುದನ್ನು ಮಾತ್ರ ಇಲ್ಲಿ ಎಲ್ಲರೂ ಆಡುವಂತೆ ವೇಗ ಅನ್ನುತ್ತೇನೆ.

ಹಂತ 3: ವೇಗ ಲೆಕ್ಕದೊಳಗೆ ಎರಡು ಸಲ ಬರುತ್ತದೆ

ನನ್ನ ಮಟ್ಟಿಗೆ ಇಡೀ ಪಾಠದ ಜೀವಾಳ ಇದೇ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು ಇದನ್ನು ನಿಧಾನವಾಗಿ ಓದಿ.

1000 ಕಿಲೋ ತೂಕದ ಒಂದು ಕಾರು. ಬ್ರೇಕ್ ಒತ್ತಿದಾಗ ರಸ್ತೆ ಅದನ್ನು 5000 ನ್ಯೂಟನ್ ಬಲದಿಂದ ಹಿಂದಕ್ಕೆ ತಡೆಯುತ್ತದೆ ಅಂದುಕೊಳ್ಳೋಣ. ಒಣ ರಸ್ತೆಯಲ್ಲಿ ಒಳ್ಳೆಯ ಟೈರು ಇದಕ್ಕಿಂತ ಜಾಸ್ತಿ ಹಿಡಿಯುತ್ತದೆ. ಆದರೂ ಲೆಕ್ಕ ಸಲೀಸಾಗಲಿ ಅಂತ 5000 ಇಟ್ಟುಕೊಳ್ಳೋಣ. 5000 ನ್ಯೂಟನ್ ಬಲ 1000 ಕಿಲೋ ಮೇಲೆ ಬಿದ್ದರೆ ಪ್ರತಿ ಸೆಕೆಂಡಿಗೆ ವೇಗ 5 ಮೀಟರ್‌ನಷ್ಟು ಇಳಿಯುತ್ತದೆ.

ಮೊದಲು 10 ಮೀಟರ್ ವೇಗ. ಪ್ರತಿ ಸೆಕೆಂಡಿಗೆ 5 ಇಳಿದರೆ 2 ಸೆಕೆಂಡಿಗೆ ಕಾರು ನಿಲ್ಲುತ್ತದೆ. 10ರಿಂದ ಸೊನ್ನೆಗೆ ಒಂದೇ ಸಮ ಇಳಿದದ್ದರಿಂದ ಸರಾಸರಿ ವೇಗ 5. ಎರಡು ಸೆಕೆಂಡು, ಸರಾಸರಿ 5, ಅಂದರೆ ಕಾರು ಓಡಿದ್ದು 10 ಮೀಟರ್.

ಈಗ 20 ಮೀಟರ್ ವೇಗ. ನಿಲ್ಲಲು 4 ಸೆಕೆಂಡು ಬೇಕು. ಸರಾಸರಿ ವೇಗ 10. ನಾಲ್ಕು ಹತ್ತಲಿ ನಲವತ್ತು. ಕಾರು 40 ಮೀಟರ್ ಓಡಿತು.

30 ಮೀಟರ್ ವೇಗಕ್ಕೆ 6 ಸೆಕೆಂಡು, ಸರಾಸರಿ 15, ಓಡಿದ್ದು 90 ಮೀಟರ್.

10, 40, 90. ವೇಗ ಒಂದು, ಎರಡು, ಮೂರು ಪಟ್ಟು ಆದಾಗ ದೂರ ಒಂದು, ನಾಲ್ಕು, ಒಂಬತ್ತು ಪಟ್ಟು ಆಯಿತು. ಕಾರಣ ಕಣ್ಣೆದುರಿಗೇ ಇದೆ. ವೇಗ ದುಪ್ಪಟ್ಟಾದ ಕಾರು ನಿಲ್ಲಲು ದುಪ್ಪಟ್ಟು ಹೊತ್ತು ತೆಗೆದುಕೊಂಡಿತು. ಅಷ್ಟೇ ಆಗಿದ್ದರೆ ದೂರ ಎರಡು ಪಟ್ಟಾಗುತ್ತಿತ್ತು. ಆದರೆ ಆ ದುಪ್ಪಟ್ಟು ಹೊತ್ತನ್ನೂ ಅದು ದುಪ್ಪಟ್ಟು ಸರಾಸರಿ ವೇಗದಲ್ಲಿ ಕಳೆಯಿತು. ಒಂದು ಎರಡು ಹೊತ್ತಿನಿಂದ ಬಂತು, ಇನ್ನೊಂದು ಎರಡು ಓಟದಿಂದ ಬಂತು. ಎರಡು ಎರಡಲಿ ನಾಲ್ಕು.

ಶಕ್ತಿ ಅಂದರೆ ಬಲ ಗುಣಿಸು ದೂರ ಅಂತ ಮೊದಲೇ ನೋಡಿದೆವು. ಆದ್ದರಿಂದ ಮೂರು ಸಂದರ್ಭದಲ್ಲಿ ಕಾರಿನ ಚಲನ ಶಕ್ತಿ 50 ಸಾವಿರ, 2 ಲಕ್ಷ, 4.5 ಲಕ್ಷ ಜೂಲ್.

ಇದನ್ನೇ ಸಂಖ್ಯೆ ಇಲ್ಲದೆ ಬರೆದರೆ:

ಬಲ = ರಾಶಿ × ವೇಗ ÷ ಕಾಲ
ದೂರ = ½ × ವೇಗ × ಕಾಲ

ಎರಡನ್ನೂ ಗುಣಿಸಿ. ಮೇಲೊಂದು ಕಾಲ, ಕೆಳಗೊಂದು ಕಾಲ, ಎರಡೂ ಹೊಡೆದು ಹೋಗುತ್ತವೆ. ಉಳಿಯುವುದು:

ಚಲನ ಶಕ್ತಿ = ½ × ರಾಶಿ × ವೇಗ × ವೇಗ

ಆ ಅರ್ಧ ಯಾಕೆ ಅಂತ ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಸರಾಸರಿ ತೆಗೆದಾಗ ಬಂದ ಅರ್ಧ ಅದು. ಬ್ರೇಕ್ ಎಷ್ಟು ಜೋರಾಗಿ ಒತ್ತಿದರು, ಎಷ್ಟು ಹೊತ್ತು ಒತ್ತಿದರು ಅನ್ನುವುದು ಉತ್ತರದಲ್ಲಿ ಉಳಿಯುವುದೇ ಇಲ್ಲ. ಮೆಲ್ಲಗೆ ನಿಲ್ಲಿಸಿ, ಗಕ್ಕನೆ ನಿಲ್ಲಿಸಿ, ತೆಗೆದುಹಾಕಬೇಕಾದ ಶಕ್ತಿ ಅಷ್ಟೇ.

ಹಂತ 4: ಕೆಲವು ನಿಜವಾದ ವಸ್ತುಗಳಿಗೆ ಹಾಕಿ ನೋಡಿ

ಕ್ರಿಕೆಟ್ ಚೆಂಡು 156ರಿಂದ 163 ಗ್ರಾಂ ಇರಬೇಕು ಅಂತ ನಿಯಮ. 160 ಗ್ರಾಂ, ಅಂದರೆ 0.16 ಕಿಲೋ ಅಂತ ಇಟ್ಟುಕೊಳ್ಳಿ. ಸ್ಪಿನ್ನರ್ ಗಂಟೆಗೆ 90 ಕಿ.ಮೀ. ವೇಗದಲ್ಲಿ ಎಸೆದರೆ ಅದು ಸೆಕೆಂಡಿಗೆ 25 ಮೀಟರ್. 25ನ್ನು 25ರಿಂದ ಗುಣಿಸಿದರೆ 625. ಅದನ್ನು 0.16ರಿಂದ ಗುಣಿಸಿದರೆ 100, ಅರ್ಧ ಮಾಡಿದರೆ 50 ಜೂಲ್. ಇನ್ನು ವೇಗದ ಬೌಲರ್ 144 ಕಿ.ಮೀ.ಗೆ ಎಸೆದ ಅಂದುಕೊಳ್ಳಿ. ಅದು 40 ಮೀಟರ್. ಶಕ್ತಿ 128 ಜೂಲ್. ವೇಗ ಹೆಚ್ಚಿದ್ದು 1.6 ಪಟ್ಟು, ಬ್ಯಾಟಿಗೋ ಹೆಲ್ಮೆಟ್ಟಿಗೋ ಬಂದು ಬೀಳುವ ಶಕ್ತಿ ಎರಡೂವರೆ ಪಟ್ಟಿಗಿಂತ ಜಾಸ್ತಿ.

ಗುಣಿಸುವಾಗ ಒಂದು ಎಚ್ಚರ. ವರ್ಗ ಮಾಡುವುದು ವೇಗವನ್ನು ಮಾತ್ರ. ರಾಶಿ ಮತ್ತು ವೇಗವನ್ನು ಮೊದಲೇ ಗುಣಿಸಿ, ಬಂದದ್ದನ್ನು ವರ್ಗ ಮಾಡಿಬಿಟ್ಟರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ.

ಈಗ ಕಾರಿಗೆ ಬನ್ನಿ. 1000 ಕಿಲೋ, ಗಂಟೆಗೆ 90 ಕಿ.ಮೀ. ಉತ್ತರ 3,12,500 ಜೂಲ್. ಇದು ಎಷ್ಟು ದೊಡ್ಡದು? ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4186 ಜೂಲ್ ಬೇಕು. ಭಾಗಿಸಿ ನೋಡಿ, ಹೆಚ್ಚು ಕಡಿಮೆ 75 ಡಿಗ್ರಿ ಬರುತ್ತದೆ. 25 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರು ಕುದಿಯುವ ಮಟ್ಟಕ್ಕೆ ಬರಲು ಎಷ್ಟು ಶಾಖ ಬೇಕೋ ಅಷ್ಟೂ, ಆ ಕಾರನ್ನು ಒಂದು ಸಲ ಪೂರ್ತಿ ನಿಲ್ಲಿಸಿದಾಗ ಹುಟ್ಟುತ್ತದೆ. ಅದರ ಬಹುಪಾಲು ಬ್ರೇಕ್ ಡಿಸ್ಕು, ಪ್ಯಾಡುಗಳಿಗೇ ಹೋಗುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವಾಗ ಅನುಭವಿ ಡ್ರೈವರುಗಳು ಕೆಳಗಿನ ಗೇರಿನಲ್ಲೇ ಇಳಿಸುವುದು ಇದಕ್ಕೇ. ಇಳಿಜಾರು ಶಕ್ತಿಯನ್ನು ತುಂಬುತ್ತಲೇ ಇರುತ್ತದೆ. ಅದನ್ನೆಲ್ಲ ಬ್ರೇಕೇ ತಿನ್ನಬೇಕಾದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಹಂತ 5: ಮನೆಯಲ್ಲೇ ಮಾಡಿ ನೋಡುವ ಪ್ರಯೋಗ

ಸೂತ್ರ ನಂಬಿಕೊಂಡು ಕೂರಬೇಡಿ, ಕೈಯಾರೆ ಮಾಡಿ ನೋಡಿ. ಬೇಕಾದ ಸಾಮಾನು ಕಡಿಮೆ. ಮನೆ ವೈರಿಂಗಿಗೆ ಬಳಸುವ ಪಿವಿಸಿ ಕೇಸಿಂಗ್ ಪಟ್ಟಿ ಒಂದು ಮೀಟರ್, ಮುಚ್ಚಳ ತೆಗೆದದ್ದು. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಗೋಲಿ ಸಲೀಸಾಗಿ ಉರುಳುವಷ್ಟು ಅಗಲ ಇರಲಿ. ಒಂದು ಗಾಜಿನ ಗೋಲಿ, ಸಿಕ್ಕರೆ ಅದೇ ಗಾತ್ರದ ಬೇರಿಂಗಿನ ಉಕ್ಕಿನ ಗುಂಡು. ಒಂದು ಪೇಪರ್ ಲೋಟ, ಸ್ಕೇಲು, ಟೇಪು, ಹಳೇ ದಿನಪತ್ರಿಕೆ, ಸ್ವಲ್ಪ ರಂಗೋಲಿ ಪುಡಿ.

ಮೊದಲ ಭಾಗದಲ್ಲಿ ವೇಗ ಅಳೆಯಬೇಕು. ಪಟ್ಟಿಯನ್ನು ಮೇಜಿನ ಮೇಲೆ ಇಳಿಜಾರಾಗಿ ನಿಲ್ಲಿಸಿ. ಕೆಳತುದಿಯ ಒಂದು ಗೇಣಿನಷ್ಟು ಭಾಗ ಮೇಜಿಗೆ ಚಪ್ಪಟೆಯಾಗಿ ಅಂಟಿಕೊಂಡು, ಮೇಜಿನ ಅಂಚಿಗೆ ಸರಿಯಾಗಿ ಮುಗಿಯಬೇಕು. ಟೇಪು ಹಾಕಿ ಅಲುಗದಂತೆ ಮಾಡಿ. ಗೋಲಿ ಅಂಚಿನಿಂದ ಅಡ್ಡಡ್ಡ ಹಾರಬೇಕು, ಕೆಳಮುಖವಾಗಿ ಅಲ್ಲ. ಇದೊಂದು ಸರಿ ಇಲ್ಲದಿದ್ದರೆ ಪ್ರಯೋಗವೇ ಕೆಡುತ್ತದೆ. ನೆಲದ ಮೇಲೆ ದಿನಪತ್ರಿಕೆ ಹಾಸಿ, ತೆಳ್ಳಗೆ ರಂಗೋಲಿ ಪುಡಿ ಎರಚಿ. ಗೋಲಿ ಬಿದ್ದ ಜಾಗದಲ್ಲಿ ಗುರುತು ಮೂಡುತ್ತದೆ.

ಮೇಜಿನಿಂದ 5 ಸೆಂ.ಮೀ. ಎತ್ತರದಿಂದ ಗೋಲಿಯನ್ನು ತಳ್ಳದೆ ಸುಮ್ನೆ ಬಿಡಿ. ಮೇಜಿನ ಅಂಚಿನ ನೇರ ಕೆಳಗಿನಿಂದ ಗುರುತಿನವರೆಗೆ ಅಳೆಯಿರಿ. ಮೇಜು 75 ಸೆಂ.ಮೀ. ಎತ್ತರ ಇದ್ದರೆ 30 ಸೆಂ.ಮೀ. ಆಸುಪಾಸು ಬರುತ್ತದೆ. ಈಗ 20 ಸೆಂ.ಮೀ. ಎತ್ತರದಿಂದ ಬಿಡಿ. 60ರ ಆಸುಪಾಸು ಬರುತ್ತದೆ. ಮೇಜಿನಿಂದ ನೆಲಕ್ಕೆ ಬೀಳಲು ಗೋಲಿಗೆ ಪ್ರತಿ ಸಲವೂ ಅಷ್ಟೇ ಹೊತ್ತು ಬೇಕು. ಆದ್ದರಿಂದ ಎರಡು ಪಟ್ಟು ದೂರ ಹಾರಿತು ಅಂದರೆ ಎರಡು ಪಟ್ಟು ವೇಗ ಇತ್ತು ಅಂತ ಅರ್ಥ. ಎತ್ತರ ನಾಲ್ಕು ಪಟ್ಟು, ವೇಗ ಎರಡು ಪಟ್ಟು. 1608ರ ಸುಮಾರಿಗೆ ಗೆಲಿಲಿಯೋ ಕೂಡ ಇಳಿಜಾರಿನಿಂದ ಚೆಂಡು ಹಾರಿಸಿ ಇದೇ ತರದ ಅಳತೆಗಳನ್ನು ಬರೆದಿಟ್ಟಿದ್ದ.

ಎರಡನೇ ಭಾಗದಲ್ಲಿ ಶಕ್ತಿ ಅಳೆಯಬೇಕು. ಪಟ್ಟಿಯನ್ನು ನೆಲಕ್ಕೆ ಇಳಿಸಿ, ಇಳಿಜಾರು ಹಾಗೇ ಇರಲಿ. ಪೇಪರ್ ಲೋಟದ ಬಾಯಂಚಿನಲ್ಲಿ ಗೋಲಿ ನುಗ್ಗುವಷ್ಟು ಬಾಗಿಲು ಕತ್ತರಿಸಿ, ಲೋಟವನ್ನು ಬೋರಲು ಹಾಕಿ, ಪಟ್ಟಿಯ ತುದಿಗೆ ಆ ಬಾಗಿಲು ಬರುವಂತೆ ಇಡಿ. 5 ಸೆಂ.ಮೀ. ಎತ್ತರದಿಂದ ಗೋಲಿ ಬಿಡಿ. ಅದು ಲೋಟದೊಳಗೆ ನುಗ್ಗಿ ಲೋಟವನ್ನೇ ತಳ್ಳಿಕೊಂಡು ಹೋಗುತ್ತದೆ. ಜರುಗಿದ ದೂರ ಗುರುತು ಮಾಡಿ. ಮತ್ತೆ 20ರಿಂದ ಬಿಡಿ. ಮೊದಲ ಸಲ ಒಂದು ಗೇಣು ಜರುಗಿದ್ದರೆ ಈ ಸಲ ನಾಲ್ಕು ಗೇಣಿನ ಹತ್ತಿರ ಜರುಗುತ್ತದೆ. ವೇಗ ಎರಡೇ ಪಟ್ಟು, ನೆಲದ ಘರ್ಷಣೆ ಮೊದಲಿನದೇ, ಆದರೆ ಲೋಟ ಹೋದದ್ದು ನಾಲ್ಕು ಪಟ್ಟು ದೂರ.

ಮನೆ ಪ್ರಯೋಗದಲ್ಲಿ ಸರಿಯಾಗಿ ನಾಲ್ಕೇ ಬರುವುದಿಲ್ಲ. ಮೂರೂವರೆ, ನಾಲ್ಕೂಕಾಲು ಅಂತ ಏರುಪೇರು ಇರುತ್ತದೆ. ಪ್ರತಿ ಎತ್ತರಕ್ಕೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ. ನೆಲ ಒದ್ದೆ ಇರಬಾರದು. ಲೋಟ ಬಾಗಿದ ಅಥವಾ ಪಕ್ಕಕ್ಕೆ ತಿರುಗಿದ ಪ್ರಯತ್ನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉರುಳುವ ಗೋಲಿಯ ಶಕ್ತಿಯಲ್ಲಿ ಒಂದು ಪಾಲು ತಿರುಗುವುದರಲ್ಲೂ ಇರುತ್ತದಲ್ಲ ಅಂತ ಯಾರಾದರೂ ಜಾಣ ಮಕ್ಕಳು ಕೇಳಿದರೆ, ಹೌದು ಅನ್ನಿ. ಆ ಪಾಲು ಎರಡು ಎತ್ತರಕ್ಕೂ ಒಂದೇ ಪ್ರಮಾಣದಲ್ಲಿರುವುದರಿಂದ ಒಂದಕ್ಕೆ ನಾಲ್ಕು ಅನ್ನುವ ಹೋಲಿಕೆ ಕೆಡುವುದಿಲ್ಲ.

ಉಕ್ಕಿನ ಗುಂಡು ಇದ್ದರೆ ಇನ್ನೊಂದು ಚಂದದ ವಿಷಯ ಕಾಣುತ್ತದೆ. ಅದು ಗಾಜಿನ ಗೋಲಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಜಿನಿಂದ ಹಾರಿಸಿದರೆ ಎರಡೂ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬೀಳುತ್ತವೆ, ಅಂದರೆ ವೇಗ ಒಂದೇ. ಆದರೆ ಲೋಟವನ್ನು ಉಕ್ಕಿನ ಗುಂಡು ತುಂಬಾ ಜಾಸ್ತಿ ತಳ್ಳುತ್ತದೆ. ಸೂತ್ರದಲ್ಲಿರುವ ರಾಶಿಯ ಪಾಲು ಇದು.

ನೀವು ನೆಲದ ಮೇಲೆ ಕೂತು ಮಾಡಿದ ಈ ಕೆಲಸಕ್ಕಾಗಿ ಯುರೋಪಿನ ಪಂಡಿತರು ದಶಕಗಟ್ಟಲೆ ಜಗಳವಾಡಿದ್ದಾರೆ. ಚಲನೆಯ ನಿಜವಾದ ಅಳತೆ ರಾಶಿ ಗುಣಿಸು ವೇಗ ಅಂತ ದೆಕಾರ್ತ್ ಕಡೆಯವರು ಹೇಳುತ್ತಿದ್ದರು. ಅಲ್ಲ, ವೇಗದ ವರ್ಗ ಬೇಕು ಅಂತ 1686ರಲ್ಲಿ ಲೈಬ್ನಿಟ್ಸ್ ವಾದಿಸಿದ. 1720ರ ದಶಕದಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಪ್ರೊಫೆಸರ್ ಆಗಿದ್ದ ಸ್‌ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿನ ಮೇಲೆ ಬೀಳಿಸಿ ಗುಳಿ ಅಳೆದ. ಲೆಕ್ಕ ವೇಗದ ವರ್ಗಕ್ಕೇ ಹೊಂದಿತು. ಅದರ ಮಹತ್ವವನ್ನು ಸ್ಪಷ್ಟವಾಗಿ ಕಂಡು, 1740ರಲ್ಲಿ ತನ್ನ ಭೌತವಿಜ್ಞಾನದ ಪುಸ್ತಕದಲ್ಲಿ ಎತ್ತಿ ಹಿಡಿದವಳು ಫ್ರಾನ್ಸಿನ ಎಮಿಲಿ ದು ಶಾತಲೆ. ಹೆಣ್ಣುಮಕ್ಕಳಿಗೆ ವಿಜ್ಞಾನದ ಅಕಾಡೆಮಿಯ ಬಾಗಿಲು ಮುಚ್ಚಿದ್ದ ಕಾಲ ಅದು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದದ್ದೂ ಅವಳೇ. 1749ರಲ್ಲಿ ಅವಳು ತೀರಿಕೊಂಡಳು, ಅನುವಾದ ಪೂರ್ತಿಯಾಗಿ ಅಚ್ಚಾದದ್ದು 1759ರಲ್ಲಿ. ಈ ಪಾಠದಲ್ಲಿ ಅವಳ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಆ ‘ಅರ್ಧ’ ಸೂತ್ರದಲ್ಲಿ ನೆಲೆಯಾಗಿ ಕೂತದ್ದು ಇನ್ನೂ ತಡವಾಗಿ, 1829ರಲ್ಲಿ ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಯ ಪುಸ್ತಕದಿಂದ.

ಹಂತ 6: ಈಗ ಆ 54

72 ಅಂದರೆ 20 ಮೀಟರ್, 90 ಅಂದರೆ 25 ಮೀಟರ್. ಎರಡೂ ಕಾರಿನ ರಾಶಿ ಒಂದೇ, ಅರ್ಧವೂ ಒಂದೇ. ಹಾಗಾಗಿ ವೇಗದ ವರ್ಗ ಮಾತ್ರ ನೋಡಿದರೆ ಸಾಕು. ಮೊದಲ ಕಾರಿನದು 400, ಎರಡನೆಯದರದು 625.

ಮರದವರೆಗೆ ಬರುವಷ್ಟರಲ್ಲಿ ಮೊದಲ ಕಾರು 400 ಪೂರ್ತಿ ಕಳೆದುಕೊಂಡಿತು. ಎರಡನೇ ಕಾರಿಗೂ ಬ್ರೇಕಿನ ಬಲ ಅಷ್ಟೇ, ದೂರ ಅಷ್ಟೇ. ಆದ್ದರಿಂದ ಅದೂ 400ನ್ನೇ ಕಳೆದುಕೊಂಡಿತು. 625ರಲ್ಲಿ 400 ಹೋದರೆ 225. ಯಾವ ಸಂಖ್ಯೆಯ ವರ್ಗ 225? 15. ಸೆಕೆಂಡಿಗೆ 15 ಮೀಟರ್ ಅಂದರೆ ಗಂಟೆಗೆ 54 ಕಿ.ಮೀ.

ಕಳೆಯಬೇಕಾದ್ದು ವೇಗವನ್ನಲ್ಲ, ವೇಗದ ವರ್ಗವನ್ನು. 18 ಅಂದವರ ಲೆಕ್ಕ ತಪ್ಪಿದ್ದು ಇಲ್ಲಿ.

ನಿಜವಾದ ರಸ್ತೆಯಲ್ಲಿ ಇದಕ್ಕಿಂತ ಕೆಟ್ಟದಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತು ಅಂದುಕೊಳ್ಳಿ. ಆ ಒಂದು ಸೆಕೆಂಡಿನಲ್ಲಿ ಮೊದಲ ಕಾರು 20 ಮೀಟರ್ ಓಡಿತು, ಎರಡನೆಯದು 25. ಪ್ರತಿ ಸೆಕೆಂಡಿಗೆ 5 ಇಳಿಸುವ ಅದೇ ಬ್ರೇಕಿನಲ್ಲಿ ಮೊದಲ ಕಾರು ಒಟ್ಟು 60 ಮೀಟರಿಗೆ ನಿಲ್ಲುತ್ತದೆ. ಎರಡನೇ ಕಾರಿಗೆ ಆ 60ರಲ್ಲಿ ಬ್ರೇಕ್ ಹಿಡಿಯಲು ಸಿಕ್ಕಿದ್ದು 35 ಮೀಟರ್ ಮಾತ್ರ. 40 ಮೀಟರಿನಲ್ಲಿ 400 ಕಳೆಯುವ ಬ್ರೇಕು 35 ಮೀಟರಿನಲ್ಲಿ 350 ಕಳೆಯುತ್ತದೆ. 625ರಲ್ಲಿ 350 ಕಳೆದು 275 ಉಳಿಯುತ್ತದೆ. ಅದರ ವರ್ಗಮೂಲ ಹದಿನಾರೂವರೆಯ ಹತ್ತಿರ, ಅಂದರೆ ಗಂಟೆಗೆ ಸುಮಾರು 60 ಕಿ.ಮೀ.

ತೂಕದ ಕಾರು ನಿಲ್ಲಲು ಜಾಸ್ತಿ ದೂರ ಬೇಕಲ್ವಾ ಅಂತ ಅನ್ನಿಸಬಹುದು. ಸೂತ್ರದ ಪ್ರಕಾರ ತೂಕ ದುಪ್ಪಟ್ಟಾದರೆ ಶಕ್ತಿ ದುಪ್ಪಟ್ಟು. ಆದರೆ ತೂಕ ಜಾಸ್ತಿಯಾದಾಗ ಟೈರು ರಸ್ತೆಯನ್ನು ಒತ್ತುವುದೂ ಜಾಸ್ತಿ, ಹಿಡಿತವೂ ಹೆಚ್ಚು ಕಡಿಮೆ ದುಪ್ಪಟ್ಟು. ಹಾಗಾಗಿ ಟೈರಿನ ಹಿಡಿತವೇ ಮಿತಿಯಾಗಿದ್ದಾಗ ನಿಲ್ಲುವ ದೂರ ತೂಕಕ್ಕೆ ಅಷ್ಟಾಗಿ ಬದಲಾಗುವುದಿಲ್ಲ. ತುಂಬಿದ ಲಾರಿಯ ಕಥೆ ಬೇರೆ. ಅಲ್ಲಿ ಮೊದಲು ಸೋಲುವುದು ಬ್ರೇಕು. ಅಷ್ಟು ಶಾಖವನ್ನು ಅದು ಅಷ್ಟು ಬೇಗ ತಡೆದುಕೊಳ್ಳಲಾರದು. ಲಾರಿಯ ಮುಂದೆ ಗಕ್ಕನೆ ನುಗ್ಗಬೇಡಿ ಅನ್ನುವುದಕ್ಕೆ ಇಷ್ಟು ಭೌತವಿಜ್ಞಾನ ಸಾಕು.

ಹಂತ 7: 80ರಿಂದ 100ಕ್ಕೆ ಏರುವುದು ಬರೀ 20 ಅಲ್ಲ

ವೇಗದ ವರ್ಗ ಅರ್ಥವಾದ ಮೇಲೆ ಸ್ಪೀಡೋಮೀಟರ್ ಬೇರೆ ತರ ಕಾಣುತ್ತದೆ. 100ರ ವರ್ಗ 10,000. 80ರ ವರ್ಗ 6,400. ವ್ಯತ್ಯಾಸ 3,600. ಅದು 60ರ ವರ್ಗ! ಅಂದರೆ 80ರಿಂದ 100ಕ್ಕೆ ಏರಿದಾಗ ಕಾರಿಗೆ ಸೇರಿದ ಶಕ್ತಿ, ನಿಂತಿದ್ದ ಕಾರು 60ಕ್ಕೆ ಬಂದಾಗ ಸೇರುವ ಶಕ್ತಿಯಷ್ಟೇ. ಮುಳ್ಳು ಜರುಗಿದ್ದು ಮಾತ್ರ ಸ್ವಲ್ಪ.

2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ. ಅಲ್ಲಿ 120ಕ್ಕೆ ಹೋದರೆ ವೇಗ 20 ಶೇಕಡಾ ಜಾಸ್ತಿ, ಶಕ್ತಿ 44 ಶೇಕಡಾ ಜಾಸ್ತಿ. 140ಕ್ಕೆ ಹೋದರೆ ಶಕ್ತಿ ಹತ್ತಿರ ಹತ್ತಿರ ದುಪ್ಪಟ್ಟು. ಸೀಟ್ ಬೆಲ್ಟು, ಏರ್ ಬ್ಯಾಗು, ಮುಂಭಾಗದ ಲೋಹ, ಇವೆಲ್ಲ ಇಷ್ಟು ಶಕ್ತಿಯನ್ನು ಇಷ್ಟು ದೂರದಲ್ಲಿ ಹೀರಿಕೊಳ್ಳಬೇಕು ಅಂತ ಲೆಕ್ಕ ಹಾಕಿ ಮಾಡಿದವು. ವೇಗ ಏರಿದರೆ ಆ ದೂರ ಏರುವುದಿಲ್ಲ, ಬಾನೆಟ್ ಉದ್ದ ಅಷ್ಟೇ ಇರುತ್ತದೆ. ಸರಾಸರಿ ವೇಗ 1 ಶೇಕಡಾ ಹೆಚ್ಚಿದರೆ ಸಾವಾಗುವ ಅಪಘಾತದ ಅಪಾಯ 4 ಶೇಕಡಾ ಹೆಚ್ಚುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಕ್ತಿ ಹೆಚ್ಚುವುದು 2 ಶೇಕಡಾ ಮಾತ್ರ. ಉಳಿದದ್ದು ನಿಲ್ಲಲು ಸಿಗದ ದೂರ, ಯೋಚಿಸಲು ಸಿಗದ ಹೊತ್ತು, ಮನುಷ್ಯರ ದೇಹದ ಮಿತಿ, ಎಲ್ಲ ಸೇರಿ ಆಗುವಂಥದ್ದು.

ಹಂತ 8: ಗೊಂದಲ ಆಗುವ ಮೂರು ಜಾಗ

ಸಂವೇಗವೂ ಚಲನ ಶಕ್ತಿಯೂ ಒಂದೇ ಅಲ್ಲ. ಸಂವೇಗ ಅಂದರೆ ರಾಶಿ ಗುಣಿಸು ವೇಗ, ಅಲ್ಲಿ ವರ್ಗ ಇಲ್ಲ. ‘ಎಷ್ಟು ಹೊತ್ತು ತಡೆದರೆ ನಿಲ್ಲುತ್ತದೆ’ ಅಂತ ಕೇಳಿದರೆ ಉತ್ತರ ಸಂವೇಗದಲ್ಲಿದೆ. ‘ಎಷ್ಟು ದೂರ ತಡೆದರೆ ನಿಲ್ಲುತ್ತದೆ’ ಅಂತ ಕೇಳಿದರೆ ಉತ್ತರ ಚಲನ ಶಕ್ತಿಯಲ್ಲಿದೆ. 3ನೇ ಹಂತದ ಲೆಕ್ಕವನ್ನು ಮತ್ತೊಮ್ಮೆ ನೋಡಿ. ಸೆಕೆಂಡುಗಳು 2, 4, 6. ಮೀಟರುಗಳು 10, 40, 90. ದೆಕಾರ್ತ್ ಕಡೆಯವರೂ ಲೈಬ್ನಿಟ್ಸ್ ಕಡೆಯವರೂ ಅಳೆಯುತ್ತಿದ್ದದ್ದು ಎರಡು ಬೇರೆ ಬೇರೆ ಸಂಗತಿ.

ಎರಡನೆಯದು, ಮುಖಾಮುಖಿ ಡಿಕ್ಕಿ. 50ರ ವೇಗದ ಎರಡು ಕಾರು ಎದುರುಬದುರು ಗುದ್ದಿದರೆ ಅದು 100ರಲ್ಲಿ ಗೋಡೆಗೆ ಗುದ್ದಿದ ಹಾಗೆ ಅಂತ ತುಂಬಾ ಜನ ನಂಬಿದ್ದಾರೆ. ಎರಡೂ ಒಂದೇ ತರದ ಕಾರಾದರೆ ಅದು ನಿಜವಲ್ಲ. ಒಟ್ಟು ಶಕ್ತಿ ಎರಡು ಪಟ್ಟಾಯಿತು, ಹೌದು. ಆದರೆ ಜಜ್ಜಿಸಿಕೊಳ್ಳಲು ಕಾರುಗಳೂ ಎರಡಿವೆ. ಪ್ರತಿ ಕಾರಿಗೂ ತನ್ನ 50ರ ಶಕ್ತಿಯೇ ಪಾಲಿಗೆ ಬರುತ್ತದೆ. ಅದು 50ರಲ್ಲಿ ಗಟ್ಟಿ ಗೋಡೆಗೆ ಗುದ್ದಿದ್ದಕ್ಕೆ ಸಮ. 100ರಲ್ಲಿ ಗೋಡೆಗೆ ಗುದ್ದಿದರೆ ಒಂದೇ ಕಾರು ನಾಲ್ಕು ಪಟ್ಟು ಶಕ್ತಿಯನ್ನು ತಿನ್ನಬೇಕು.

ಮೂರನೆಯದು, ಯಾರು ನೋಡುತ್ತಿದ್ದಾರೆ ಅನ್ನುವುದು. ಓಡುವ ರೈಲಿನಲ್ಲಿ ಮೇಲಿನ ಬರ್ತಿನ ಮೇಲೆ ಸೂಟ್‌ಕೇಸ್ ಇದೆ. ಒಳಗೆ ಕೂತವರಿಗೆ ಅದರ ಚಲನ ಶಕ್ತಿ ಸೊನ್ನೆ. ಹೊರಗೆ ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಸಾವಿರಾರು ಜೂಲ್. ಇಬ್ಬರೂ ಸರಿ. ವೇಗವನ್ನು ಯಾವುದಕ್ಕೆ ಹೋಲಿಸಿ ಅಳೆದಿರಿ ಅನ್ನುವುದನ್ನು ಲೆಕ್ಕದ ನಡುವೆ ಬದಲಾಯಿಸದಿದ್ದರೆ ಸಾಕು.

ಈ ಸೂತ್ರಕ್ಕೂ ಒಂದು ಮಿತಿ ಇದೆ. ಬೆಳಕಿನ ವೇಗದ ಹತ್ತಿರ ಹೋದರೆ ಐನ್‌ಸ್ಟೈನ್‌ನ ಲೆಕ್ಕ ಬೇಕಾಗುತ್ತದೆ. ಆದರೆ ಬೆಳಕಿನ ವೇಗದ ಹತ್ತನೇ ಒಂದು ಪಾಲಿನಲ್ಲೂ ನಮ್ಮ ಸೂತ್ರದ ತಪ್ಪು 1 ಶೇಕಡಾಕ್ಕಿಂತ ಕಡಿಮೆ. ಭೂಮಿಯ ಮೇಲಿನ ಯಾವ ವಾಹನಕ್ಕೂ ಆ ಚಿಂತೆ ಇಲ್ಲ.

ಹಂತ 9: ಚಂದ್ರನ ಮೇಲೂ, ಚಿತ್ರದುರ್ಗದ ಗುಡ್ಡದ ಮೇಲೂ

2023ರ ಆಗಸ್ಟ್ 23ರಂದು ಚಂದ್ರಯಾನ-3ರ ವಿಕ್ರಮ್ ಇಳಿಯಲು ಶುರು ಮಾಡಿದಾಗ ಸುಮಾರು 30 ಕಿ.ಮೀ. ಎತ್ತರದಲ್ಲಿತ್ತು, ವೇಗ ಸೆಕೆಂಡಿಗೆ ಸುಮಾರು 1680 ಮೀಟರ್. ಸೂತ್ರಕ್ಕೆ ಹಾಕಿ ನೋಡಿ. ಪ್ರತಿ ಕಿಲೋ ತೂಕಕ್ಕೆ 14 ಲಕ್ಷ ಜೂಲ್. ಇಳಿಯುವ ಕೊನೇ ಗಳಿಗೆಯಲ್ಲಿ ವೇಗ 2 ಮೀಟರ್ ಇದ್ದರೆ ಪ್ರತಿ ಕಿಲೋಗೆ 2 ಜೂಲ್. ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ನಡೆಯುವುದಿಲ್ಲ. ಅಷ್ಟೂ ವೇಗವನ್ನು ಎಂಜಿನ್ನೇ ಉರಿದು ಇಳಿಸಬೇಕಿತ್ತು.

ನನಗೆ ಇದರಲ್ಲಿ ಅತಿ ಇಷ್ಟವಾದದ್ದು ಕಾಲುಗಳ ವಿಷಯ. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ಅಪ್ಪಳಿಸಿದ ಮೇಲೆ ಇಸ್ರೋ ಹೊಸ ಲ್ಯಾಂಡರಿನ ಕಾಲುಗಳನ್ನು ಗಟ್ಟಿ ಮಾಡಿತು. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಇಳಿದರೆ ತಾಳುತ್ತಿದ್ದದ್ದನ್ನು 3 ಮೀಟರಿಗೆ ಏರಿಸಿತು. ಒಂದೇ ಮೀಟರ್ ಅಲ್ವಾ ಅನ್ನಿಸುತ್ತದೆ. ವರ್ಗ ಮಾಡಿ ನೋಡಿ, 4 ಇದ್ದದ್ದು 9 ಆಯಿತು. ಅಷ್ಟೇ ತೂಕಕ್ಕೆ ಆ ಕಾಲುಗಳು ಎರಡೂಕಾಲು ಪಟ್ಟು ಶಕ್ತಿಯನ್ನು ನುಂಗಬೇಕು.

ಗಾಳಿಯಂತ್ರದಲ್ಲಿ ಲೆಕ್ಕ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತೀರಿ. ಒಂದು ಘನ ಮೀಟರ್ ಗಾಳಿಗೆ ಸುಮಾರು 1.2 ಕಿಲೋ ತೂಕ. ಗಾಳಿ ಸೆಕೆಂಡಿಗೆ 5 ಮೀಟರ್ ಬೀಸುತ್ತಿದ್ದರೆ ಒಂದು ಚದರ ಮೀಟರ್ ಕಿಂಡಿಯ ಮೂಲಕ ಪ್ರತಿ ಸೆಕೆಂಡಿಗೆ 6 ಕಿಲೋ ಗಾಳಿ ನುಗ್ಗುತ್ತದೆ. ಅದರ ಚಲನ ಶಕ್ತಿ 75 ಜೂಲ್. ಗಾಳಿ 10 ಮೀಟರಿಗೆ ಏರಿದರೆ ನುಗ್ಗುವ ಗಾಳಿಯೇ 12 ಕಿಲೋ ಆಗುತ್ತದೆ, ಅದರ ಮೇಲೆ ವೇಗದ ವರ್ಗವೂ ಸೇರಿ 600 ಜೂಲ್. ಎರಡು ಪಟ್ಟು ಗಾಳಿಗೆ ಎಂಟು ಪಟ್ಟು ಶಕ್ತಿ. ಇದರಲ್ಲಿ ಯಾವ ಗಾಳಿಯಂತ್ರವೂ 27ರಲ್ಲಿ 16 ಪಾಲಿಗಿಂತ ಜಾಸ್ತಿ ತೆಗೆಯಲಾರದು. ಆದರೂ ಸ್ವಲ್ಪ ಗಾಳಿ ಜಾಸ್ತಿ ಸಿಗುವ ಗುಡ್ಡದ ನೆತ್ತಿಗೆ ಅಷ್ಟೊಂದು ಖರ್ಚು ಮಾಡಿ ಯಂತ್ರಗಳನ್ನು ಹೊತ್ತು ಏರಿಸುವುದು ಈ ಎಂಟು ಪಟ್ಟಿನ ಆಸೆಗೇ.

ನೀವೇ ಮಾಡಿ: ಮೂರು ಲೆಕ್ಕ

ಸವಾರರೂ ಸೇರಿ 150 ಕಿಲೋ ಇರುವ ಸ್ಕೂಟರ್ 36ರಿಂದ 54 ಕಿ.ಮೀ.ಗೆ ಏರಿದರೆ ಶಕ್ತಿ ಎಷ್ಟಿಂದ ಎಷ್ಟಕ್ಕೆ ಹೋಗುತ್ತದೆ? 7,500 ಜೂಲ್ ಇದ್ದದ್ದು 16,875 ಆಗುತ್ತದೆ, ಎರಡೂಕಾಲು ಪಟ್ಟು.

ಗಂಟೆಗೆ 50 ಕಿ.ಮೀ. ಹೋಗುವ ಕಾರಿನ ಚಲನ ಶಕ್ತಿ ಸರಿಯಾಗಿ ದುಪ್ಪಟ್ಟಾಗುವುದು ಯಾವ ವೇಗಕ್ಕೆ? 100 ಅಲ್ಲ. 50ನ್ನು 2ರ ವರ್ಗಮೂಲದಿಂದ, ಅಂದರೆ 1.414ರಿಂದ ಗುಣಿಸಿ. 71 ಕಿ.ಮೀ. ಸಾಕು.

ಕೊನೆಯದು ತೆಂಗಿನಕಾಯಿ. ಒಂದೂವರೆ ಕಿಲೋ ತೂಕದ ಕಾಯಿ 15 ಮೀಟರ್ ಎತ್ತರದ ಮರದಿಂದ ಬಿತ್ತು. ತೂಕವನ್ನು 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ ಶಕ್ತಿ ಸುಮಾರು 220 ಜೂಲ್. ಗಾಳಿಯ ತಡೆ ಬಿಟ್ಟರೆ ಅಷ್ಟೂ ಚಲನ ಶಕ್ತಿಯಾಗುತ್ತದೆ. ಸೂತ್ರವನ್ನು ಹಿಂದುಮುಂದು ಮಾಡಿದರೆ ನೆಲ ಮುಟ್ಟುವಾಗಿನ ವೇಗ ಸೆಕೆಂಡಿಗೆ ಸುಮಾರು 17 ಮೀಟರ್, ಗಂಟೆಗೆ 62 ಕಿ.ಮೀ.ನಷ್ಟು. ಈಗ ಮರದ ಎತ್ತರ ಅರ್ಧಕ್ಕೆ, ಏಳೂವರೆ ಮೀಟರಿಗೆ ಇಳಿಸಿ. ಶಕ್ತಿ ಅರ್ಧವಾಗಿ 110 ಜೂಲ್ ಆಗುತ್ತದೆ. ವೇಗವೂ ಅರ್ಧವಾಗಿ 31ಕ್ಕೆ ಇಳಿಯುತ್ತದಾ? ಇಲ್ಲ, 44ರ ಹತ್ತಿರ ಇರುತ್ತದೆ.